ನಾಳೆ ಬೆಳಿಗ್ಗೆ ಪೋಕ್ಸೊ ತಪಾಸಣೆ, ಪುಟ್ಟ ಮಕ್ಕಳಿಗೆ ಇವತ್ತು ರಾತ್ರಿ ಏನು ಹೇಳಲಿ?

ಮಲ್ಲಿಗೆಬಳ್ಳಿ (ಗುರುವಾರ, ಸಂಜೆ 6.10)

ಇದನ್ನು ಬರೆಯಬೇಕೋ ಬೇಡವೋ ಅಂತ ಒಂದು ಗಂಟೆಯಿಂದ ಫೋನ್ ಹಿಡಿದು ಕೂತಿದ್ದೇನೆ. ಅಕ್ಕನ ಇಬ್ಬರು ಮಕ್ಕಳು ಈಗ ನನ್ನ ಮನೆಯಲ್ಲಿದ್ದಾರೆ. ದೊಡ್ಡವಳಿಗೆ ಏಳು ವರ್ಷ, ಚಿಕ್ಕವನಿಗೆ ನಾಲ್ಕೂವರೆ. ಮೊನ್ನೆ ತಲೆ ಬಾಚುವಾಗ ದೊಡ್ಡವಳು ನನ್ನ ಹತ್ತಿರ ಒಂದು ಮಾತು ಹೇಳಿದಳು. ಏನು ಅಂತ ಇಲ್ಲಿ ಬರೆಯುವುದಿಲ್ಲ. ಇವತ್ತು ಮಧ್ಯಾಹ್ನ ನಾನೂ ಅಕ್ಕನೂ ಹೋಗಿ ದೂರು ಕೊಟ್ಟು ಬಂದೆವು. ಪೋಕ್ಸೊ, ಅಂದರೆ ಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ತಡೆಯುವ ಕಾಯ್ದೆ, ಅದರಡಿ ಕೇಸು ದಾಖಲಾಗಿದೆ. ನಾಳೆ ಹತ್ತು ಗಂಟೆಗೆ ಇಬ್ಬರನ್ನೂ ಜಿಲ್ಲಾಸ್ಪತ್ರೆಗೆ ತಪಾಸಣೆಗೆ ಕರೆದುಕೊಂಡು ಬನ್ನಿ ಅಂದಿದ್ದಾರೆ.

ಅಕ್ಕ ಕೂತಲ್ಲೇ ಕೂತಿದ್ದಾಳೆ, ಅವಳ ಹತ್ತಿರ ಈಗ ಏನೂ ಕೇಳುವ ಹಾಗಿಲ್ಲ. ದೊಡ್ಡವಳು 'ಚಿಕ್ಕಮ್ಮ, ಡಾಕ್ಟರು ಇಂಜೆಕ್ಷನ್ ಕೊಡ್ತಾರಾ' ಅಂತ ನಾಲ್ಕು ಸಲ ಕೇಳಿದಳು. ನಾನು 'ಇಲ್ಲ ಪುಟ್ಟ' ಅಂದುಬಿಟ್ಟೆ. ಹೇಳಿದ ಮೇಲೆ ಭಯವಾಯಿತು, ಕೊಟ್ಟರೆ ಏನು ಗತಿ ಅಂತ. ನನ್ನನ್ನು ಒಳಗೆ ಬಿಡುತ್ತಾರಾ ಇಲ್ಲವಾ? ನೋವಾಗುತ್ತಾ? ಚಿಕ್ಕವನಿಗೆ ಏನೂ ಆಗಿಲ್ಲ ಅನಿಸುತ್ತದೆ, ಅವನನ್ನೂ ಯಾಕೆ ನೋಡಬೇಕು? ಮಕ್ಕಳಿಗೆ ಯಾವ ಮಾತಿನಲ್ಲಿ ಹೇಳಲಿ? ಇದನ್ನು ದಾಟಿ ಬಂದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ.

ನಿರ್ವಾಹಕರು (6.22)

ಮಲ್ಲಿಗೆಬಳ್ಳಿ ಅವರೇ, ನಿಮ್ಮ ಪೋಸ್ಟಿನಲ್ಲಿ ಊರಿನ ಹೆಸರೂ ಶಾಲೆಯ ಹೆಸರೂ ಇತ್ತು, ಎರಡನ್ನೂ ತೆಗೆದಿದ್ದೇವೆ. ಮಗುವಿನ ಗುರುತು ಸಿಗುವಂಥ ಯಾವುದನ್ನೂ ಹಾಕುವ ಹಾಗಿಲ್ಲ, ಪೋಕ್ಸೊ ಕಾಯ್ದೆಯ 23ನೇ ಕಲಂ ಅದನ್ನು ತಡೆಯುತ್ತದೆ. ಹೆಸರು ಮಾತ್ರ ಅಲ್ಲ, ಮನೆ, ಶಾಲೆ, ನೆರೆಹೊರೆ, ಸಂಬಂಧ, ಫೋಟೋ ಎಲ್ಲವೂ. ಉತ್ತರ ಬರೆಯುವವರು ಏನು ನಡೆಯಿತು ಅಂತ ಕೇಳಬೇಡಿ. ಆರೋಪಿ ಯಾರು ಅಂತಲೂ ಕೇಳಬೇಡಿ.

ಹೊಳೆದಂಡೆ (6.31)

ಅಕ್ಕ, ನಾನು ಇದನ್ನು ದಾಟಿ ಬಂದವಳು. ಮೂರು ವರ್ಷವಾಯಿತು. ನನ್ನ ಮಗಳಿಗೆ ಆಗ ಆರು ವರ್ಷ. ನಾನು ಮಾಡಿದ ತಪ್ಪು ನೀವು ಮಾಡಬೇಡಿ ಅಂತಲೇ ಬರೆಯುತ್ತಿದ್ದೇನೆ.

ನಾನು ಅವಳಿಗೆ ಏನೂ ಹೇಳಲಿಲ್ಲ. ಅಜ್ಜಿ ಮನೆಗೆ ಹೋಗೋಣ ಅಂದೆ. ಹೊಸ ಫ್ರಾಕ್ ಹಾಕಿದೆ. ಆಟೋ ಆಸ್ಪತ್ರೆ ಗೇಟಿನ ಒಳಗೆ ತಿರುಗಿದಾಗ ಅವಳು ನನ್ನ ಮುಖ ನೋಡಿದಳಲ್ಲ, ಆ ನೋಟ ಇವತ್ತಿಗೂ ಕಣ್ಣ ಮುಂದೆ ಇದೆ. ಅಷ್ಟು ಹೊತ್ತಿಗಾಗಲೇ ಒಬ್ಬ ದೊಡ್ಡ ಮನುಷ್ಯ ಅವಳಿಗೆ ಸುಳ್ಳು ಹೇಳಿ ಮೋಸ ಮಾಡಿದ್ದ, ಈಗ ಅಮ್ಮನೂ ಹಾಗೇ ಮಾಡಿದಳು. ಅವತ್ತು ಅವಳು ಬಟ್ಟೆ ಮುಟ್ಟಲು ಬಿಡಲಿಲ್ಲ, ಕಿರುಚಿ ಕಿರುಚಿ ವಾಂತಿ ಮಾಡಿಕೊಂಡಳು. ಒಂದು ದಿನದ ಕೆಲಸಕ್ಕೆ ಮೂರು ಸಲ ಹೋಗಬೇಕಾಯಿತು.

ಇಂಜೆಕ್ಷನ್ ವಿಷಯ ಇವತ್ತೇ ಸರಿ ಮಾಡಿ. 'ಪುಟ್ಟ, ನಾನು ಇಲ್ಲ ಅಂದೆ, ಆದರೆ ನನಗೆ ಸರಿಯಾಗಿ ಗೊತ್ತಿರಲಿಲ್ಲ. ರಕ್ತ ಪರೀಕ್ಷೆಗೆ ಒಂದು ಸಲ ಚುಚ್ಚಬಹುದು. ಚುಚ್ಚುವ ಮುಂಚೆ ನಿನಗೆ ಹೇಳಿಯೇ ಹೇಳುತ್ತೇನೆ' ಅನ್ನಿ. ಅಳುತ್ತಾಳೆ. ಇವತ್ತು ನಿಮ್ಮ ಮಡಿಲಲ್ಲಿ ಅಳಲಿ ಬಿಡಿ.

ತೆಂಗಿನಗರಿ (6.44)

ನನಗೆ ಹಾಗನಿಸುವುದಿಲ್ಲ. ನಾಲ್ಕು ವರ್ಷದ ಮಗುವಿಗೆ ಇಷ್ಟೆಲ್ಲ ಹೇಳಿದರೆ ರಾತ್ರಿಯಿಡೀ ನಿದ್ದೆ ಮಾಡುವುದಿಲ್ಲ. ಸುಮ್ನೆ ಕರೆದುಕೊಂಡು ಹೋಗಿ, ಚಾಕೊಲೇಟ್ ಕೊಡಿಸಿ, ಐದು ನಿಮಿಷದ ಕೆಲಸ. ಮಕ್ಕಳು ಬೇಗ ಮರೆಯುತ್ತವೆ.

ಹೊಳೆದಂಡೆ (6.49)

ಮರೆಯುವುದಿಲ್ಲ ಸರ್. ನನ್ನ ಮಗಳು ಇವತ್ತಿಗೂ 'ನಿಜವಾಗಲೂ ಅಲ್ಲಿಗೇನಾ' ಅಂತ ಎರಡು ಸಲ ಕೇಳದೆ ಆಟೋ ಹತ್ತುವುದಿಲ್ಲ.

ಮಕ್ಕಳವೈದ್ಯೆ (7.15)

ನಾನು ಮಕ್ಕಳ ವೈದ್ಯೆ, ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ. ಇಂಥ ತಪಾಸಣೆ ಮಾಡಿದ್ದೇನೆ, ಅದಕ್ಕೇ ಸ್ವಲ್ಪ ಉದ್ದ ಬರೆಯುತ್ತೇನೆ.

ತೆಂಗಿನಗರಿ ಅವರು ಹೇಳಿದ್ದರಲ್ಲಿ ಒಂದು ಮಾತು ಸರಿ, ನಾಲ್ಕೂವರೆ ವರ್ಷದವನಿಗೆ ಇವತ್ತು ರಾತ್ರಿ ಜಾಸ್ತಿ ಹೇಳುವುದು ಬೇಡ. ಅವನಿಗೆ ನಾಳೆ ತಿಂಡಿ ತಿನ್ನುವಾಗ ಎರಡು ವಾಕ್ಯ ಸಾಕು. ಏಳು ವರ್ಷದವಳಿಗೆ ಮಾತ್ರ ಇವತ್ತೇ ಹೇಳಿ, ಅವಳು ಆಗಲೇ ಕೇಳುತ್ತಿದ್ದಾಳಲ್ಲ. ಮಲಗುವ ಹೊತ್ತಿಗೆ ಬೇಡ, ಊಟಕ್ಕೆ ಮುಂಚೆ ಹೇಳಿ. ಪ್ರಶ್ನೆ ಬರುವುದಕ್ಕೆ ಸಮಯ ಇರಲಿ.

ನಾಳೆ ನಡೆಯುವುದು ಹೀಗೆ. ಮೊದಲು ಮಾತು. ಆಮೇಲೆ ಒಪ್ಪಿಗೆ ಪತ್ರಕ್ಕೆ ಸಹಿ. ಹನ್ನೆರಡು ವರ್ಷದ ಒಳಗಿನ ಮಕ್ಕಳಿಗೆ ಪೋಷಕರ ಸಹಿ ಬೇಕು, ಹಾಗಾಗಿ ನಿಮ್ಮ ಅಕ್ಕ ಆಸ್ಪತ್ರೆಗೆ ಬರಲೇಬೇಕು. ಆದರೆ ಸಹಿ ಹಾಕಿದವರೇ ಒಳಗೆ ಇರಬೇಕು ಅಂತಿಲ್ಲ. ಪೋಕ್ಸೊ 27ನೇ ಕಲಂ ಪ್ರಕಾರ ತಪಾಸಣೆ ನಡೆಯುವಾಗ ತಂದೆ ತಾಯಿ ಇರಬಹುದು, ಇಲ್ಲ ಮಗು ನಂಬುವ ಬೇರೆ ಯಾರಾದರೂ ಇರಬಹುದು. ಅವಳು ಚಿಕ್ಕಮ್ಮ ಬೇಕು ಅಂದರೆ ನೀವೇ ಹೋಗಿ. ಹೆಣ್ಣುಮಗುವನ್ನು ಮಹಿಳಾ ವೈದ್ಯರೇ ನೋಡಬೇಕು, ಅದೂ ಅದೇ ಕಲಮಿನಲ್ಲಿದೆ.

ಆಮೇಲೆ ತೂಕ, ಎತ್ತರ. ತಲೆಯಿಂದ ಶುರು ಮಾಡಿ ಕಿವಿ, ಬಾಯಿ, ಕೈ, ಬೆನ್ನು, ಹೊಟ್ಟೆ, ಕಾಲು ಅಂತ ನೋಡುತ್ತಾ ಬರುತ್ತೇವೆ. ಒಳಉಡುಪಿನ ಜಾಗ ಕೊನೆಗೆ. ಪುಟ್ಟ ಮಕ್ಕಳಲ್ಲಿ ಅದು ಬಹಳಮಟ್ಟಿಗೆ ಬರೀ ಕಣ್ಣಿನಿಂದ ನೋಡುವುದು, ಮಗು ನಿಮ್ಮ ತೊಡೆಯ ಮೇಲೇ ಒರಗಿಕೊಂಡಿರಬಹುದು. ಗುಪ್ತಾಂಗದ ಒಳಗೆ ಬೆರಳು ಹಾಕಿ ನೋಡುವ ಎರಡು ಬೆರಳಿನ ಪರೀಕ್ಷೆ ಅಂತ ಹಿಂದೆ ಮಾಡುತ್ತಿದ್ದರು, ಅದನ್ನು ಕೇಂದ್ರ ಆರೋಗ್ಯ ಇಲಾಖೆ 2014ರ ಮಾರ್ಗಸೂಚಿಯಲ್ಲೇ ಬೇಡ ಅಂದಿದೆ. 2022ರಲ್ಲಿ ಸುಪ್ರೀಂ ಕೋರ್ಟ್ ಅದನ್ನು ಮಾಡಿದವರು ದುರ್ನಡತೆಯ ತಪ್ಪಿತಸ್ಥರು ಅಂತ ಹೇಳಿದೆ. ಯಾರಾದರೂ ಮಾಡಲು ಹೊರಟರೆ ನಿಲ್ಲಿಸಿ ಅನ್ನಿ, ಹಿಂಜರಿಯಬೇಡಿ.

ಮಗು ಬೇಡ ಅಂದರೆ ಕೈಕಾಲು ಹಿಡಿದು ಮಾಡುವಂತಿಲ್ಲ. ಅರ್ಧಕ್ಕೆ ಬಿಟ್ಟು ಇನ್ನೊಂದು ದಿನ ಮುಂದುವರಿಸಬಹುದು. ಒಂದು ಭಾಗಕ್ಕೆ ಒಪ್ಪಿ ಇನ್ನೊಂದಕ್ಕೆ ಬೇಡ ಅನ್ನಬಹುದು. ಬೇಡ ಅಂದ ಕಾರಣಕ್ಕೆ ಚಿಕಿತ್ಸೆ ನಿಲ್ಲಿಸುವ ಹಾಗಿಲ್ಲ.

ಇನ್ನು ಚಿಕ್ಕವನ ಮಾತು. ಒಂದೇ ಮನೆಯಲ್ಲಿ ಬೆಳೆಯುವ ಇನ್ನೊಂದು ಮಗುವನ್ನೂ ನೋಡುವುದು ಒಳ್ಳೆಯದು. ಗಂಡುಮಕ್ಕಳಿಗೆ ಏನಾಗುತ್ತೆ ಅನ್ನುವವರು ಇನ್ನೂ ಇದ್ದಾರೆ, ಆದರೆ ಪೋಕ್ಸೊ ಕಾಯ್ದೆ ಹುಡುಗ ಹುಡುಗಿ ಅಂತ ಭೇದ ಮಾಡಿಲ್ಲ, ಹದಿನೆಂಟರ ಒಳಗಿನ ಎಲ್ಲರೂ ಅದರಲ್ಲಿದ್ದಾರೆ.

ಮಲ್ಲಿಗೆಬಳ್ಳಿ (7.28)

ಡಾಕ್ಟ್ರೇ, ತುಂಬಾ ಉಪಕಾರವಾಯಿತು. ಒಂದು ವಿಷಯ ಕೇಳಲೇಬೇಕು. ಶಾಲೆಯಲ್ಲಿ ಅವಳಿಗೆ ಒಳ್ಳೆಯ ಸ್ಪರ್ಶ ಕೆಟ್ಟ ಸ್ಪರ್ಶ ಹೇಳಿಕೊಟ್ಟಿದ್ದಾರೆ. ಚಡ್ಡಿಯ ಜಾಗವನ್ನು ಯಾರೂ ನೋಡಬಾರದು ಅಂತ. ಅವಳು ಈಗ ಬಾಯಿಬಿಟ್ಟಿದ್ದೇ ಆ ಪಾಠದಿಂದ ಅಂತ ನನ್ನ ನಂಬಿಕೆ. ನಾಳೆ ನಾನೇ ಅವಳನ್ನು ಕರೆದುಕೊಂಡು ಹೋಗಿ ಡಾಕ್ಟರು ನೋಡಲಿ ಬಿಡು ಅನ್ನಬೇಕಲ್ಲ. ಅವಳಿಗೆ ಏನು ಅರ್ಥವಾಗಬೇಕು?

ಮಕ್ಕಳವೈದ್ಯೆ (7.40)

ಇದು ಸರಿಯಾದ ಪ್ರಶ್ನೆ. ಪಾಠ ತಪ್ಪು ಅಂತ ಹೇಳಬೇಡಿ. ಪಾಠದ ಉಳಿದ ಅರ್ಧ ಹೇಳಿ. 'ಡಾಕ್ಟರು ಆ ಜಾಗ ಚೆನ್ನಾಗಿದೆಯಾ ಅಂತ ನೋಡಬಹುದು. ಆದರೆ ನಾನು ಪಕ್ಕದಲ್ಲಿ ಇರಬೇಕು. ಯಾಕೆ ನೋಡುತ್ತೇನೆ ಅಂತ ಅವರು ಮೊದಲೇ ಹೇಳಬೇಕು. ನಿನ್ನನ್ನು ಕೇಳಬೇಕು. ಯಾರಿಗೂ ಹೇಳಬೇಡ ಅಂತ ಯಾವ ಡಾಕ್ಟರೂ ಹೇಳುವುದಿಲ್ಲ, ಮನೆಗೆ ಬಂದು ಅಮ್ಮನಿಗೆ ಎಲ್ಲಾ ಹೇಳಬಹುದು.' ಗುಟ್ಟು ಇಲ್ಲ ಅನ್ನುವುದನ್ನು ಒತ್ತಿ ಹೇಳಿ. ಕೆಟ್ಟ ಮನುಷ್ಯನಿಗೂ ಡಾಕ್ಟರಿಗೂ ಇರುವ ವ್ಯತ್ಯಾಸ ಮಗುವಿಗೆ ಬೇಗ ತಿಳಿಯುವುದು ಅಲ್ಲೇ.

ಇನ್ನೊಂದು, ನಿಲ್ಲಿಸಲು ಅವಳಿಗೆ ಒಂದು ಗುರುತು ಕೊಡಿ. ಕೈ ಎತ್ತುವುದು ಸುಲಭ. ಇವತ್ತೇ ಮನೆಯಲ್ಲಿ ಆಡಿಸಿ. ಅವಳು ಕೈ ಎತ್ತಿದ ತಕ್ಷಣ ನೀವು ಮಾಡುತ್ತಿರುವ ಕೆಲಸ ನಿಲ್ಲಿಸಿ, ಚಪಾತಿ ಲಟ್ಟಿಸುತ್ತಿದ್ದರೂ. ನಾಳೆ ಒಳಗೆ ಹೋದ ಕೂಡಲೇ ಡಾಕ್ಟರಿಗೂ ಹೇಳಿ, 'ಇವಳು ಕೈ ಎತ್ತಿದರೆ ಒಂದು ನಿಮಿಷ ನಿಲ್ಲಿಸುತ್ತೀರಾ ಮೇಡಂ' ಅಂತ. ಅವಳಿಗೆ ಕೇಳಿಸುವ ಹಾಗೆ ಹೇಳಿ.

ಕೋರ್ಟುಮೆಟ್ಟಿಲು (8.02)

ವಕೀಲೆಯಾಗಿ ಒಂದು ಎಚ್ಚರಿಕೆ. ಆಸ್ಪತ್ರೆಯ ಬಗ್ಗೆ ಎಷ್ಟು ಬೇಕಾದರೂ ಹೇಳಿ, ನಡೆದ ವಿಷಯದ ಬಗ್ಗೆ ಏನನ್ನೂ ಹೇಳಿಕೊಡಬೇಡಿ, ಕೇಳಲೂ ಬೇಡಿ.

ಮನೆಯವರು ಸಂಕಟಕ್ಕೆ ಮಾಡುತ್ತಾರೆ, ನನಗೆ ಅರ್ಥವಾಗುತ್ತದೆ. ಹಿಂದಿನ ರಾತ್ರಿ ಕೂರಿಸಿಕೊಂಡು 'ಡಾಕ್ಟರು ಕೇಳಿದರೆ ಹೀಗೆ ಹೇಳು, ಅವನು ಇಲ್ಲಿ ಮುಟ್ಟಿದ ಅಂತ ಹೇಳು, ಮರೀಬೇಡ' ಅಂತ ಹತ್ತು ಸಲ ಹೇಳಿಸುತ್ತಾರೆ. ಆಮೇಲೆ ಕೋರ್ಟಿನಲ್ಲಿ ಎದುರು ವಕೀಲರು ಮಗುವನ್ನು ಕೇಳುವ ಮೊದಲ ಪ್ರಶ್ನೆಗಳಲ್ಲೇ 'ಮನೆಯಲ್ಲಿ ಯಾರು ಹೇಳಿಕೊಟ್ಟರು ಪುಟ್ಟಿ' ಅನ್ನುವುದೂ ಇರುತ್ತದೆ. ಮಗು ಸತ್ಯ ಹೇಳುತ್ತದೆ, 'ಅಮ್ಮ' ಅನ್ನುತ್ತದೆ. ನಿಜವಾದ ಮಾತೂ ಅಲ್ಲಿಗೆ ಹೇಳಿಕೊಟ್ಟ ಮಾತಾಗಿಬಿಡುತ್ತದೆ.

ಅವಳಾಗಿಯೇ ಏನಾದರೂ ಹೇಳಿದರೆ ತಡೆಯಬೇಡಿ. ಕೇಳಿಸಿಕೊಳ್ಳಿ. 'ಹೇಳಿದ್ದು ಒಳ್ಳೆಯದಾಯಿತು, ನಿನ್ನ ತಪ್ಪು ಏನೂ ಇಲ್ಲ' ಅನ್ನಿ. ಆಮೇಲೆ ಅವಳು ಹೇಳಿದ್ದನ್ನು ಅವಳದೇ ಶಬ್ದಗಳಲ್ಲಿ, ದಿನ ಮತ್ತು ಹೊತ್ತು ಹಾಕಿ, ಒಂದು ಹಾಳೆಯಲ್ಲಿ ಬರೆದಿಡಿ. ತಿದ್ದಬೇಡಿ. ಮಗು ದೇಹದ ಭಾಗಕ್ಕೆ ಮನೆಯಲ್ಲಿ ಏನು ಹೆಸರು ಬಳಸುತ್ತದೋ ಅದೇ ಇರಲಿ.

ಇನ್ನೂ ಒಂದು. ಎಫ್‌ಐಆರ್ ಪ್ರತಿ ತನ್ನಿ, ಪೊಲೀಸರ ಪತ್ರ ತನ್ನಿ, ಆಮೇಲೆ ನೋಡುತ್ತೇವೆ ಅಂತ ಯಾರಾದರೂ ಅಂದರೆ ಒಪ್ಪಬೇಡಿ. 2020ರ ಪೋಕ್ಸೊ ನಿಯಮಗಳ 6ನೇ ನಿಯಮದಲ್ಲಿ ಇದು ಸ್ಪಷ್ಟವಾಗಿದೆ, ತುರ್ತು ಚಿಕಿತ್ಸೆ ಕೊಡುವುದಕ್ಕೆ ಯಾವ ಕಾಗದವನ್ನೂ ಷರತ್ತಾಗಿ ಕೇಳುವಂತಿಲ್ಲ. ಎಫ್‌ಐಆರ್ ಆಗದಿದ್ದರೂ ತಪಾಸಣೆ ಮಾಡಬಹುದು. ದುಡ್ಡೂ ಕೇಳುವಂತಿಲ್ಲ, ಖಾಸಗಿ ಆಸ್ಪತ್ರೆಯಾದರೂ ಚಿಕಿತ್ಸೆ ಉಚಿತವಾಗಿಯೇ ಕೊಡಬೇಕು.

ಹೊಳೆದಂಡೆ (8.11)

ಈ ಕಾಗದದ ವಿಷಯಕ್ಕೆ ನಾವು ಒಂದು ಆಸ್ಪತ್ರೆಯ ಕಾರಿಡಾರಿನಲ್ಲಿ ಬೆಳಿಗ್ಗೆ ಹತ್ತರಿಂದ ನಾಲ್ಕರವರೆಗೆ ಕೂತಿದ್ದೆವು. ಬಂದವರೆಲ್ಲ 'ಏನಾಗಿದೆ ಮಗುವಿಗೆ' ಅಂತ ಎಲ್ಲರ ಎದುರಿಗೇ ಕೇಳುತ್ತಿದ್ದರು. ಆಗ ನನಗೆ ಇದೆಲ್ಲ ಗೊತ್ತಿದ್ದರೆ! ಅಕ್ಕ, ಯಾರಾದರೂ ಹೊರಗೆ ಕೇಳಿದರೆ 'ಒಳಗೆ ಹೇಳುತ್ತೇವೆ' ಅನ್ನಿ, ಅಷ್ಟೇ. ಊಟದ ಡಬ್ಬಿ ತೆಗೆದುಕೊಂಡು ಹೋಗಿ. ಹಸಿದ ಮಗುವಿಗೆ ಯಾವ ಸಮಾಧಾನವೂ ಹತ್ತುವುದಿಲ್ಲ.

ಜೊತೆಗಾತಿ (8.35)

ನಾನು ಪೋಕ್ಸೊ ಕೇಸುಗಳಲ್ಲಿ ಸಪೋರ್ಟ್ ಪರ್ಸನ್ ಆಗಿ ಕೆಲಸ ಮಾಡುತ್ತೇನೆ. ಮಕ್ಕಳ ಕಲ್ಯಾಣ ಸಮಿತಿ ನಿಮಗೂ ಒಬ್ಬರನ್ನು ಕೊಡಬಹುದು. ನಾಳೆ ಬೆಳಿಗ್ಗೆಯೊಳಗೆ ಆಗದಿದ್ದರೂ ಕೇಳಿಡಿ, ಮುಂದೆ ಕೋರ್ಟಿನವರೆಗೂ ಅವರು ಜೊತೆಗಿರುತ್ತಾರೆ. ಇವತ್ತು ರಾತ್ರಿ ಏನಾದರೂ ಬೇಕಾದರೆ ಮಕ್ಕಳ ಸಹಾಯವಾಣಿ 1098ಕ್ಕೆ ಫೋನ್ ಮಾಡಿ, ಹಗಲು ರಾತ್ರಿ ಇರುತ್ತದೆ, ದುಡ್ಡಿಲ್ಲ.

ನಾನು ಪುಟ್ಟ ಮಕ್ಕಳ ಜೊತೆ ಮಾಡುವುದು ಗೊಂಬೆಯಾಟ. ಮನೆಯಲ್ಲಿ ಇರುವ ಯಾವುದಾದರೂ ಗೊಂಬೆ ತೆಗೆದುಕೊಳ್ಳಿ. ಚಿಕ್ಕವನೇ ಡಾಕ್ಟರಾಗಲಿ. ಗೊಂಬೆಯ ತೂಕ ನೋಡಲಿ, ಬಾಯಿ ಆ ಅನ್ನಿಸಲಿ, ಎದೆಗೆ ಲೋಟ ಇಟ್ಟು ಕೇಳಲಿ, ಬೆನ್ನು ತಿರುಗಿಸಿ ನೋಡಲಿ. ಗೊಂಬೆ ಕೈ ಎತ್ತಿದರೆ ಡಾಕ್ಟರು ನಿಲ್ಲಿಸಬೇಕು. ಇದು ತಪಾಸಣೆಯ ಆಟ ಮಾತ್ರ. ವಕೀಲರು ಹೇಳಿದ್ದು ಇಲ್ಲೂ ನೆನಪಿರಲಿ, ಗೊಂಬೆ ತೋರಿಸಿ 'ನಿನಗೆ ಎಲ್ಲಿ ಏನು ಮಾಡಿದ' ಅಂತ ಕೇಳಬೇಡಿ.

ಆ ಗೊಂಬೆಯನ್ನೇ ನಾಳೆ ಜೊತೆಗೆ ತೆಗೆದುಕೊಂಡು ಹೋಗಿ. ಸುಲಭವಾಗಿ ತೆಗೆದು ಹಾಕುವ ಬಟ್ಟೆ ತೊಡಿಸಿ, ಎರಡು ಭಾಗದ್ದಾದರೆ ಒಳ್ಳೆಯದು. ಮೇಲಿನದು ನೋಡುವಾಗ ಕೆಳಗಿನದು ಮೈಮೇಲೇ ಇರುತ್ತದೆ. ಒಂದು ಹಳೆಯ ಪಂಚೆಯೋ ಅಜ್ಜಿಯ ಸೀರೆಯೋ ಇಟ್ಟುಕೊಳ್ಳಿ. ಮನೆಯ ವಾಸನೆ ಇರುವ ಬಟ್ಟೆ ಹೊದಿಸಿದರೆ ಮಗು ಎಷ್ಟು ಸಡಿಲವಾಗುತ್ತದೆ ಅಂತ ನಾನು ಕಣ್ಣಾರೆ ನೋಡಿದ್ದೇನೆ.

ಹೇಳಬಾರದ ಮಾತುಗಳೂ ಇವೆ. 'ಅಳಬೇಡ, ಜಾಣೆ ಅಲ್ವಾ ನೀನು' ಬೇಡ. ಅತ್ತರೆ ಜಾಣೆ ಅಲ್ಲ ಅಂತ ಆಗುತ್ತದೆ. 'ಸುಮ್ಮನಿರು, ಇಲ್ಲದಿದ್ದರೆ ಪೊಲೀಸ್ ಕರೆಯುತ್ತೇನೆ' ಅಂತೂ ಯಾವತ್ತೂ ಬೇಡ, ನಾಳೆ ಪೊಲೀಸರು ನಿಜವಾಗಿಯೂ ಅಲ್ಲಿ ಇರುತ್ತಾರೆ. ಹೇಳಿಕೆ ತೆಗೆದುಕೊಳ್ಳುವಾಗ ಅವರು ಯೂನಿಫಾರ್ಮ್ ಹಾಕುವಂತಿಲ್ಲ ಅಂತ 24ನೇ ಕಲಂ ಹೇಳುತ್ತದೆ. 'ಡಾಕ್ಟರು ನೋಡಿದರೆ ಅವನನ್ನು ಜೈಲಿಗೆ ಹಾಕುತ್ತಾರೆ' ಅಂತಲೂ ಹೇಳಬೇಡಿ. ಅಷ್ಟು ದೊಡ್ಡ ಭಾರ ಮಗುವಿನ ತಲೆಯ ಮೇಲೆ ಇಡಬಾರದು. ಆರೋಪಿ ಮಗುವಿಗೆ ಇಷ್ಟವಾದ ಮನುಷ್ಯನೂ ಆಗಿರಬಹುದು.

ಬೆಳವಲ (8.58)

ಅಂಗನವಾಡಿ ಕಾರ್ಯಕರ್ತೆ ನಾನು. ಈ ಪುಟ ಓದುವ ಬೇರೆಯವರಿಗೆ ಒಂದು ಮಾತು. ಘಟನೆ ನಿನ್ನೆ ಮೊನ್ನೆ ನಡೆದಿದ್ದರೆ ಬೆಳಗಾಗುವವರೆಗೆ ಕಾಯಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ. ನಮಗೆ ಮೊದಲು ತೋಚುವುದು ಬಿಸಿನೀರು ಹಾಕಿ ಸ್ನಾನ ಮಾಡಿಸುವುದು, ಬಟ್ಟೆ ಒಗೆದು ಹಾಕುವುದು. ಎರಡೂ ಮಾಡಬೇಡಿ. ಆ ಬಟ್ಟೆಯನ್ನು ಪ್ಲಾಸ್ಟಿಕ್ ಕವರಿನಲ್ಲಿ ಬೇಡ, ಕಾಗದದ ಚೀಲದಲ್ಲಿ ಹಾಕಿ ಕೊಂಡೊಯ್ಯಿರಿ. ಸುಮಾರು ನಾಲ್ಕು ದಿನದ ಒಳಗಾದರೆ ಮಾದರಿ ತೆಗೆಯುತ್ತಾರೆ. ದಿನ ದಾಟಿದ್ದರೆ ಏನು ಪ್ರಯೋಜನ ಅಂತ ಕೈಬಿಡಲೂ ಬೇಡಿ, ಸೋಂಕು, ಔಷಧ, ಮನಸ್ಸಿನ ಆರೈಕೆ ಎಲ್ಲವೂ ಇದೆ.

ಮಕ್ಕಳವೈದ್ಯೆ (9.10)

ಬೆಳವಲ ಅವರು ಹೇಳಿದ್ದು ಸರಿ. ಅದಕ್ಕೆ ಸೇರಿಸಿ ಮಲ್ಲಿಗೆಬಳ್ಳಿ ಅವರಿಗೆ ಇದನ್ನು ಇವತ್ತೇ ಹೇಳಿಡುತ್ತೇನೆ. ನಾಳೆ ವರದಿಯಲ್ಲಿ 'ಗಾಯ ಕಂಡುಬಂದಿಲ್ಲ' ಅಂತ ಬರಬಹುದು. ದೌರ್ಜನ್ಯವಾದ ಬಹಳಷ್ಟು ಮಕ್ಕಳ ಮೈ ಮೇಲೆ ಏನೂ ಕಾಣುವುದಿಲ್ಲ. ಮುಟ್ಟುವುದು ಗುರುತು ಬಿಡುವುದಿಲ್ಲ, ಬಿಟ್ಟ ಗುರುತೂ ಮಕ್ಕಳಲ್ಲಿ ಬೇಗ ಮಾಯುತ್ತದೆ. ಗಾಯ ಇಲ್ಲ ಅಂದರೆ ಏನೂ ಆಗಿಲ್ಲ ಅಂತ ಅರ್ಥವಲ್ಲ. ಮನೆಯ ಹಿರಿಯರಿಗೆ ಇದನ್ನು ಮೊದಲೇ ತಿಳಿಸಿ, ಇಲ್ಲದಿದ್ದರೆ ನಾಳೆ ಸಂಜೆ ಯಾರೋ ಒಬ್ಬರು 'ಡಾಕ್ಟರೇ ಏನಿಲ್ಲ ಅಂದರಲ್ಲ, ಸುಮ್ನೆ ಮಗು ಏನೋ ಹೇಳಿತು' ಅಂತ ಶುರು ಮಾಡುತ್ತಾರೆ, ಅದು ಅವಳ ಕಿವಿಗೆ ಬೀಳುತ್ತದೆ. ಮಗುವಿಗೆ ಮಾತ್ರ 'ನಿನ್ನ ಮೈ ಚೆನ್ನಾಗಿದೆ ಅಂದರು' ಅಂತ ಖಂಡಿತ ಹೇಳಿ. ತನ್ನ ಮೈ ಕೆಟ್ಟುಹೋಗಿದೆ ಅಂತ ಎಷ್ಟೋ ಮಕ್ಕಳು ಒಳಗೊಳಗೇ ಅಂದುಕೊಂಡಿರುತ್ತಾರೆ.

ಮಲ್ಲಿಗೆಬಳ್ಳಿ (10.05)

ಹೇಳಿದೆ. ಇಂಜೆಕ್ಷನ್ ಮಾತು ಮೊದಲು ಹೇಳಿದೆ. ಅತ್ತಳು, ಆಮೇಲೆ 'ಎಷ್ಟು ಸಲ' ಅಂತ ಕೇಳಿದಳು. ಗೊತ್ತಿಲ್ಲ, ಒಂದೇ ಇರಬಹುದು ಅಂದೆ. ಕೈ ಎತ್ತುವ ಆಟ ಇಬ್ಬರಿಗೂ ತುಂಬಾ ಹಿಡಿಸಿತು, ಚಿಕ್ಕವನು ಊಟದ ಮಧ್ಯೆ ಹತ್ತು ಸಲ ಕೈ ಎತ್ತಿ ನನ್ನ ತುತ್ತು ನಿಲ್ಲಿಸಿದ. ನಿಲ್ಲಿಸಿದೆ ಪ್ರತಿ ಸಲವೂ. ಇಬ್ಬರೂ ಈಗ ಮಲಗಿದ್ದಾರೆ. ನನಗೆ ನಿದ್ದೆ ಬರುತ್ತಿಲ್ಲ.

ಜೊತೆಗಾತಿ (10.12)

14416, ಟೆಲಿ ಮಾನಸ್, ಮಾನಸಿಕ ಆರೋಗ್ಯದ ಸಹಾಯವಾಣಿ. ಕನ್ನಡದಲ್ಲೇ ಮಾತಾಡುತ್ತಾರೆ. ಅದು ನಿಮಗೂ ನಿಮ್ಮ ಅಕ್ಕನಿಗೂ. ನೀವು ನಾಳೆ ಅಲ್ಲಿ ಅತ್ತರೂ ಪರವಾಗಿಲ್ಲ, ಆದರೆ ಮಗು ಮಂಚದ ಮೇಲಿರುವಾಗ ನಿಮ್ಮ ಮುಖವನ್ನೇ ನೋಡುತ್ತಿರುತ್ತದೆ, ಆ ಹತ್ತು ನಿಮಿಷಕ್ಕೆ ಇವತ್ತು ಸ್ವಲ್ಪ ಮಲಗಿ.

ಮಲ್ಲಿಗೆಬಳ್ಳಿ (ಶನಿವಾರ, ಬೆಳಿಗ್ಗೆ 11.20)

ಎಲ್ಲರೂ ಕೇಳಿದ್ದೀರಿ, ನಿನ್ನೆ ಬರೆಯಲು ಆಗಲಿಲ್ಲ.

ಹತ್ತು ಗಂಟೆಗೆ ಹೋದೆವು, ಹನ್ನೊಂದೂವರೆಗೆ ಕರೆದರು. ಒಬ್ಬರು ಕಾಗದ ಕೇಳಿದರು, ನಾನು 6ನೇ ನಿಯಮ ಅಂದೆ. ಧ್ವನಿ ನಡುಗುತ್ತಿತ್ತು. ಅವರು ಆಮೇಲೆ ಏನೂ ಕೇಳಲಿಲ್ಲ. ಡಾಕ್ಟರು ಸಣ್ಣ ವಯಸ್ಸಿನ ಹುಡುಗಿ, ತುಂಬಾ ಮೃದು. ಕೈ ಎತ್ತುವ ವಿಷಯ ಹೇಳಿದಾಗ ಅವರು ಕುರ್ಚಿಯಿಂದ ಎದ್ದು ಬಂದು ದೊಡ್ಡವಳ ಎದುರು ಕುಕ್ಕರಗಾಲಲ್ಲಿ ಕೂತು 'ನನಗೂ ತೋರಿಸು, ಯಾವ ಕೈ' ಅಂತ ಕೇಳಿದರು. ಅವಳು ಎಡಗೈ ತೋರಿಸಿದಳು.

ಚಿಕ್ಕವನು ಮೊದಲು. ಗೊಂಬೆಯನ್ನು ತಾನೇ ತೂಕದ ಯಂತ್ರದ ಮೇಲೆ ಇಟ್ಟ. ಫ್ಯಾನಿನ ರೆಕ್ಕೆ ಎಣಿಸುತ್ತಾ ಮಲಗಿದ್ದ, ಮುಗಿದದ್ದೇ ಅವನಿಗೆ ಗೊತ್ತಾಗಲಿಲ್ಲ.

ದೊಡ್ಡವಳು ಬೆನ್ನು ಹೊಟ್ಟೆ ನೋಡುವವರೆಗೆ ಸುಮ್ಮನಿದ್ದಳು. ಆಮೇಲೆ ಎಡಗೈ ಎತ್ತಿದಳು. ಡಾಕ್ಟರು ತಕ್ಷಣ ಎರಡೂ ಕೈ ಹಿಂದಕ್ಕೆ ಕಟ್ಟಿಕೊಂಡು ನಿಂತರು. ನಾನು ಅಜ್ಜಿಯ ಸೀರೆ ಕತ್ತಿನವರೆಗೆ ಹೊದಿಸಿದೆ. ಯಾರೂ ಮಾತಾಡಲಿಲ್ಲ. ಒಂದೆರಡು ನಿಮಿಷವಾದ ಮೇಲೆ ಅವಳೇ ಕೈ ಇಳಿಸಿದಳು. ಮತ್ತೆ ಶುರು ಮಾಡುವಾಗ ಮತ್ತೆ ಎತ್ತಿದಳು. ಮತ್ತೆ ನಿಲ್ಲಿಸಿದರು. ನನಗೆ ಅನಿಸುತ್ತದೆ, ಎರಡನೇ ಸಲ ಅವಳಿಗೆ ನೋವಿಗೆ ಅಲ್ಲ, ನಿಜವಾಗಿಯೂ ನಿಲ್ಲಿಸುತ್ತಾರಾ ಅಂತ ನೋಡಬೇಕಿತ್ತು. ಮೂರನೇ ಸಲ ಅವಳು ನನ್ನ ಕೈ ಹಿಡಿದುಕೊಂಡು ಕಣ್ಣು ಮುಚ್ಚಿದಳು. ಒಂದು ನಿಮಿಷವೂ ಆಗಲಿಲ್ಲ, 'ಆಯ್ತು ಪುಟ್ಟ, ನಿನ್ನ ಮೈ ಚೆನ್ನಾಗಿದೆ' ಅಂದರು. ಅವಳು ಅದನ್ನು ಮತ್ತೊಮ್ಮೆ ಹೇಳಿಸಿಕೊಂಡಳು.

ರಕ್ತ ತೆಗೆದರು. ಮೊದಲೇ ಹೇಳಿದೆ. ಅತ್ತಳು, ಆದರೆ ನನ್ನ ಮೇಲೆ ಕೋಪ ಮಾಡಿಕೊಳ್ಳಲಿಲ್ಲ.

ಮನೆಗೆ ಬಂದಾಗ ಅತ್ತೆ ಬಾಗಿಲಲ್ಲೇ 'ಡಾಕ್ಟರು ಏನು ಕೇಳಿದರು, ನೀನು ಏನು ಹೇಳಿದೆ' ಅಂತ ಶುರು ಮಾಡಿದರು. ಅವರಿಗೂ ಸಂಕಟ, ಪಾಪ. 'ಅತ್ತೆ, ಊಟ ಹಾಕಿ ಮೊದಲು' ಅಂದೆ.

ಒಂದೇ ಪ್ರಶ್ನೆ ಉಳಿದಿದೆ. ಕೆಲವು ವಾರ ಬಿಟ್ಟು ಇನ್ನೊಮ್ಮೆ ರಕ್ತ ಪರೀಕ್ಷೆಗೆ ಬರಬೇಕು ಅಂದಿದ್ದಾರೆ. ಈಗಲೇ ಹೇಳಲಾ, ಹತ್ತಿರ ಬಂದಾಗ ಹೇಳಲಾ?

ಮಕ್ಕಳವೈದ್ಯೆ (11.52)

ದೊಡ್ಡವಳು ಕೇಳಿದರೆ ಇವತ್ತೇ ಹೇಳಿ. ಕೇಳದಿದ್ದರೆ ಎರಡು ದಿನ ಮುಂಚೆ ಸಾಕು. ಚಿಕ್ಕವನಿಗೆ ಆ ದಿನ ಬೆಳಿಗ್ಗೆ.

ಮಲ್ಲಿಗೆಬಳ್ಳಿ (12.30)

ಕೇಳಿಯೇಬಿಟ್ಟಳು. ಚಿತ್ರ ಬರೆಯುತ್ತಾ ಕೂತಿದ್ದವಳು ತಲೆ ಎತ್ತದೆ 'ಚಿಕ್ಕಮ್ಮ, ಸೂಜಿ ಮುಗೀತಾ' ಅಂದಳು. ಇಲ್ಲ, ಇನ್ನೊಂದು ಇದೆ, ದಿನ ಗೊತ್ತಾದ ಮೇಲೆ ನಿನಗೆ ಕ್ಯಾಲೆಂಡರಿನಲ್ಲಿ ತೋರಿಸುತ್ತೇನೆ ಅಂದೆ. ಸರಿ ಅಂದು ಹಸಿರು ಬಣ್ಣದ ಪೆನ್ಸಿಲ್ ಕೇಳಿದಳು.